ಮಡಿಲಲ್ಲಿ ನೀರು ಕಟ್ಟಿಕೊಂಡ ತಾಯಿ

ಅಕ್ಕಂದಿರೇ, ಬಚ್ಚಲ ಹಿಂದಿನ ಕಲ್ಲು ಎತ್ತಿ ನೋಡಿದ್ದೀರಾ? ಹೂವಿನ ಕುಂಡ ಸರಿಸಿ ನೋಡಿದ್ದೀರಾ? ಅಡಿಯಲ್ಲಿ ಒದ್ದೆ ಮಣ್ಣು ಇರುತ್ತದೆ. ಅದರ ಮೇಲೆ ಬೂದು ಬಣ್ಣದ ಸಣ್ಣ ಹುಳುಗಳು ಓಡಾಡುತ್ತವೆ. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡವು. ಬೆನ್ನ ಮೇಲೆ ಹೆಂಚು ಹೊದಿಸಿದ ಹಾಗೆ ಪಟ್ಟಿ ಪಟ್ಟಿ. ಬೆಳಕು ಬಿದ್ದರೆ ಸಾಕು, ಕತ್ತಲೆಗೆ ಓಡುತ್ತವೆ. ಕೆಲವು ಜಾತಿಯವು ಮುಟ್ಟಿದ ಕೂಡಲೇ ಉಂಡೆಯಾಗಿ ಬಿಡುತ್ತವೆ.

ನಾವು ಇದನ್ನು ಹುಳು ಅಂತೀವಿ. ಆದರೆ ಕಾಲು ಎಣಿಸಿ ನೋಡಿ. ಇರುವೆಗೆ 6 ಕಾಲು. ಇದಕ್ಕೆ 14 ಕಾಲು. ಇದು ಏಡಿ, ಸಿಗಡಿಗಳ ಬಳಗ! ಕೋಟಿಗಟ್ಟಲೆ ವರ್ಷಗಳ ಹಿಂದೆ ಇದರ ಪೂರ್ವಿಕರು ಸಮುದ್ರದಲ್ಲಿದ್ದರು. ಆಮೇಲೆ ನೆಲಕ್ಕೆ ಬಂದರು.

ನೆಲಕ್ಕೆ ಬಂದರೂ ನೀರಿನ ಹಂಗು ತಪ್ಪಲಿಲ್ಲ. ಇದು ಉಸಿರಾಡುವ ಅಂಗ ಹೊಟ್ಟೆಯ ಕೆಳಗಿದೆ. ಅದು ಒದ್ದೆಯಾಗಿರಬೇಕು. ಒಣಗಿದರೆ ಸಾವು. ಅದಕ್ಕೇ ಹಗಲೆಲ್ಲ ಕಲ್ಲಿನ ಅಡಿ, ರಾತ್ರಿ ಹೊರಗೆ.

ದೊಡ್ಡದಕ್ಕೇ ಹೀಗಾದರೆ ಮೊಟ್ಟೆಯ ಗತಿ ಏನು? ಕೋಳಿ ಮೊಟ್ಟೆಗಿರುವಂಥ ಗಟ್ಟಿ ಚಿಪ್ಪು ಇದಕ್ಕಿಲ್ಲ. ಮಣ್ಣಿನಲ್ಲಿ ಇಟ್ಟರೆ ಒಣಗಿ ಹೋಗುತ್ತದೆ. ಕೆರೆಗೆ ಹೋಗಿ ಇಡೋಣ ಅಂದರೆ ಅಷ್ಟು ದೂರ ನಡೆಯಲಾರದು. ಹಾಗಾಗಿ ತಾಯಿ ಹುಳು ನೀರನ್ನೇ ಮಡಿಲಲ್ಲಿ ಕಟ್ಟಿಕೊಳ್ಳುತ್ತದೆ.

ಹೇಗೆ ಗೊತ್ತೇ? ಗಂಡು ಹೆಣ್ಣು ಕೂಡುತ್ತವೆ. ಹೆಣ್ಣು ಗಂಡಿನ ವೀರ್ಯವನ್ನು ಮೈಯೊಳಗೆ ಕೂಡಿಟ್ಟುಕೊಳ್ಳಬಲ್ಲದು. ಒಮ್ಮೆ ಕೂಡಿದ್ದು ಮುಂದಿನ ಬಸಿರಿಗೂ ಆದೀತು! ಆಮೇಲೆ ಹಾವಿನ ಹಾಗೆ ಪೊರೆ ಬಿಡುತ್ತದೆ. ಆದರೆ ಎರಡು ಕಂತಿನಲ್ಲಿ. ಮೊದಲು ಹಿಂದಿನ ಅರ್ಧ. ಕೆಲವು ದಿನ ಬಿಟ್ಟು ಮುಂದಿನ ಅರ್ಧ. ಆಗ ಮುಂದಿನ ಕಾಲುಗಳ ನಡುವೆ ಎಲೆಯಂಥ ತೆಳ್ಳನೆ ತಟ್ಟೆಗಳು ಮೂಡುತ್ತವೆ. ಅವು ಒಂದರ ಮೇಲೊಂದು ಕೂತು ಚೀಲವಾಗುತ್ತದೆ. ತಾಯಿಯ ಮೈಯಿಂದ ನೀರಿನಂಥ ರಸ ಬಂದು ಚೀಲ ತುಂಬುತ್ತದೆ. ಮೊಟ್ಟೆಗಳು ಅದರೊಳಗೆ ಇಳಿಯುತ್ತವೆ.

ನಮ್ಮ ಮಕ್ಕಳೂ ನೀರಿನ ಚೀಲದಲ್ಲೇ ಬೆಳೆಯುವುದಲ್ಲವೇ? ನಮ್ಮದು ಗರ್ಭಕೋಶದ ಒಳಗೆ. ಇದರದು ಹೊರಗೆ. ಅಷ್ಟೇ ವ್ಯತ್ಯಾಸ.

ಒಂದು ಚೀಲದಲ್ಲಿ ಹತ್ತಾರು ಮೊಟ್ಟೆ. ಬಸಿರು ಹೆಚ್ಚು ಕಡಿಮೆ ಒಂದು ತಿಂಗಳು. ಬೆಚ್ಚಗಿದ್ದರೆ ಬೇಗ, ಚಳಿಯಿದ್ದರೆ ತಡ. ಮೊಟ್ಟೆ ಒಡೆಯುವುದೂ ಚೀಲದಲ್ಲೇ. ಆಮೇಲೆ ಬಿಳೀ ಮರಿಗಳು ಹೊರಗೆ ಬರುತ್ತವೆ. ಎಣಿಸಿದರೆ 12 ಕಾಲು ಮಾತ್ರ! ಉಳಿದ 2 ಕಾಲು ಪೊರೆ ಬಿಟ್ಟ ಮೇಲೆ ಬರುತ್ತವೆ.

ಇವು ಕಚ್ಚುವುದಿಲ್ಲ. ಕೊಳೆತ ಎಲೆ ತಿಂದು ಮಣ್ಣಿಗೆ ಗೊಬ್ಬರ ಕೊಡುತ್ತವೆ. ಔಷಧಿ ಹೊಡೆಯುವುದು ಬೇಡ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೇ ಇಡಿ.

ನೆಲದ ಮೇಲಿರುವ ಈ ಬಳಗದವರೆಲ್ಲ ಹೀಗೆ ನೀರು ಕಟ್ಟಿಕೊಳ್ಳುವುದಿಲ್ಲ. ಹಿಂದೂ ಮಹಾಸಾಗರದಲ್ಲಿ ಕ್ರಿಸ್‌ಮಸ್ ದ್ವೀಪ ಅಂತ ಇದೆ. ಆಸ್ಟ್ರೇಲಿಯಾ ದೇಶಕ್ಕೆ ಸೇರಿದ್ದು. ಅಲ್ಲಿನ ಕಾಡಿನಲ್ಲಿ ಕೆಂಪು ಏಡಿಗಳಿವೆ. ಮಳೆ ಶುರುವಾದರೆ ಕೋಟಿಗಟ್ಟಲೆ ಏಡಿಗಳು ಕಾಡು ಬಿಟ್ಟು ಸಮುದ್ರಕ್ಕೆ ಹೊರಡುತ್ತವೆ. ಅವುಗಳಿಗಾಗಿ ಅಲ್ಲಿ ರಸ್ತೆ ಮುಚ್ಚುತ್ತಾರೆ! ಒಂದು ಹೆಣ್ಣು 1 ಲಕ್ಷದವರೆಗೆ ಮೊಟ್ಟೆ ಹೊರುತ್ತದೆ. ನಸುಕಿನಲ್ಲಿ ಅವನ್ನು ಸಮುದ್ರಕ್ಕೆ ಬಿಟ್ಟು ಕಾಡಿಗೆ ಮರಳುತ್ತದೆ. ಮರಿಗಳಲ್ಲಿ ಬಹುಪಾಲು ಮೀನಿನ ಬಾಯಿಗೆ. ಉಳಿದವು ಸುಮಾರು ಒಂದು ತಿಂಗಳ ಮೇಲೆ ದಡ ಹತ್ತುತ್ತವೆ.

ನಮ್ಮ ಗದ್ದೆ ಏಡಿಗೆ ಸಮುದ್ರ ಬೇಕಿಲ್ಲ. ಅದಕ್ಕೆ ಗದ್ದೆ, ಹಳ್ಳದ ನೀರೇ ಸಾಕು. ಅದರ ಮೊಟ್ಟೆ ದೊಡ್ಡವು, ಆದರೆ ಕಡಿಮೆ. ತಾಯಿ ಹೊಟ್ಟೆಯಡಿಯ ಮುಚ್ಚಳದಲ್ಲಿ ಅವನ್ನು ಅವುಚಿಕೊಳ್ಳುತ್ತದೆ. ಮೊಟ್ಟೆ ಒಡೆದರೆ ಹೊರಬರುವುದು ಪುಟಾಣಿ ಏಡಿಗಳೇ. ಕೆಲವು ದಿನ ಅವೂ ಮುಚ್ಚಳದ ಅಡಿಯಲ್ಲೇ ಇರುತ್ತವೆ.

ಮಳೆಗಾಲದಲ್ಲಿ ಏಡಿ ಹಿಡಿಯುವ ಅಕ್ಕಂದಿರಿಗೆ ಒಂದು ಮಾತು. ಬುಟ್ಟಿಗೆ ಹಾಕುವ ಮೊದಲು ಮಗುಚಿ ನೋಡಿ. ಮುಚ್ಚಳ ಕಿರಿದಾಗಿದ್ದರೆ ಗಂಡು. ಅಗಲವಾಗಿದ್ದರೆ ಹೆಣ್ಣು. ಅಡಿಯಲ್ಲಿ ಮೊಟ್ಟೆ, ಮರಿ ಕಂಡರೆ ಹಳ್ಳಕ್ಕೇ ಬಿಡಿ. ಅದೊಂದನ್ನು ಸಾರಿಗೆ ಹಾಕಿದರೆ ಮರಿಗಳೂ ಹೋದವು. ಕೆಂಪು ಏಡಿಯ ಹಾಗೆ ಇದಕ್ಕೆ ಲಕ್ಷ ಮೊಟ್ಟೆ ಇಲ್ಲ.