ಉಜಿರೆಯ ರಿಂಗ್ ಆಟ

ನೆಲದಲ್ಲೊಂದು ಗೂಟ, ಅದರಿಂದ ಹಿಂದಕ್ಕೆ ಅಡಿ ಅಡಿಗೊಂದು ಗೆರೆ. ಕೈಗೆ ರಿಂಗುಗಳನ್ನು ಕೊಟ್ಟು, ಎಲ್ಲಿ ಬೇಕಾದರೂ ನಿಂತು ಗೂಟಕ್ಕೆ ಎಸೆಯಿರಿ ಎನ್ನುತ್ತಾರೆ. ದೂರ ಹೋದಷ್ಟೂ ಅಂಕ ಹೆಚ್ಚು. ಒಬ್ಬರು ಗೂಟದ ಬುಡಕ್ಕೇ ಬಂದು ಮೆಲ್ಲಗೆ ಹಾಕಿಬಿಡುತ್ತಾರೆ. ಇನ್ನೊಬ್ಬರು ಬೆನ್ನು ಗೋಡೆಗೆ ತಾಗುವಷ್ಟು ಹಿಂದೆ ಸರಿದು ಅದೃಷ್ಟ ನೋಡುತ್ತಾರೆ. ಕೆಲವರು ಮಾತ್ರ ಕಷ್ಟವಾದರೂ ಸಾಧ್ಯವೆನಿಸುವ ಒಂದು ದೂರವನ್ನು ಹುಡುಕಿಕೊಂಡು, ತಪ್ಪಿದರೆ ಒಂದು ಗೆರೆ ಮುಂದೆ, ಬಿದ್ದರೆ ಒಂದು ಗೆರೆ ಹಿಂದೆ ನಿಲ್ಲುತ್ತಾರೆ.

ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಸ್ವಉದ್ಯೋಗದ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆಗೆ ಹೊಲಿಗೆಯನ್ನೋ ಮೊಬೈಲ್ ರಿಪೇರಿಯನ್ನೋ ಹೈನುಗಾರಿಕೆಯನ್ನೋ ಕಲಿಯಲು ಬಂದವರಿಗೆ ಇಂಥ ಆಟವೂ ಪಾಠವೇ. ಆಟ ಮುಗಿದ ಮೇಲಿನ ಮಾತುಕತೆ ಅದಕ್ಕಿಂತ ಮುಖ್ಯ. ಅಲ್ಲೇ ಯಾಕೆ ನಿಂತಿರಿ? ಎಷ್ಟು ಅಂಕ ಬರಬಹುದೆಂದು ಮೊದಲು ಹೇಳಿದ್ದಿರಿ, ಎಷ್ಟು ಬಂತು? ಎರಡನೆಯ ಸಲ ಏನು ಬದಲಿಸಿದಿರಿ?

ಆಟದ ಬೇರು ಅಮೆರಿಕದಲ್ಲಿದೆ. ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲೆಂಡ್ ಸಾಧನೆಯ ಹಂಬಲವನ್ನು ಕುರಿತು 1961ರಲ್ಲಿ ದೊಡ್ಡ ಗ್ರಂಥವನ್ನೇ ಬರೆದರು. ಆ ಹಂಬಲ ಹೆಚ್ಚಿದ್ದವರು ತೀರಾ ಸುಲಭವನ್ನೂ ಬಯಸುವುದಿಲ್ಲ, ಜೂಜನ್ನೂ ಬಯಸುವುದಿಲ್ಲ ಎಂಬುದು ಅವರ ವಾದ. ಇದು ಹುಟ್ಟುಗುಣವೇ, ದೊಡ್ಡವರಾದ ಮೇಲೂ ಕಲಿಯಬಹುದೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಅವರು ಭಾರತಕ್ಕೆ ಬಂದರು. 1964ರಿಂದ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಹೈದರಾಬಾದಿನಲ್ಲಿ ತರಬೇತಿ ನಡೆಯಿತು. ಕಲಿತು ಹೋದವರು ಹೊಸ ವ್ಯವಹಾರಕ್ಕೆ ಕೈಹಾಕಿದರು, ಹೆಚ್ಚು ಜನರಿಗೆ ಕೆಲಸ ಕೊಟ್ಟರು ಎಂದು ಮೆಕ್‌ಲೆಲೆಂಡ್ ಮತ್ತು ಡೇವಿಡ್ ವಿಂಟರ್ 1969ರಲ್ಲಿ ಬರೆದರು. 1970ರ ದಶಕದಲ್ಲಿ ಗುಜರಾತಿನಲ್ಲಿ ಬೆಳೆದ ಉದ್ಯಮಶೀಲತಾ ತರಬೇತಿಗಳು ಇದೇ ಪಾಠವನ್ನು ಅಳವಡಿಸಿಕೊಂಡವು.

ಉಜಿರೆಯ ಕತೆಗೆ ನೆಲದ ಕಾರಣಗಳಿವೆ. 1974ರ ಭೂಸುಧಾರಣೆಯಿಂದ ಈ ಭಾಗದ ಗೇಣಿದಾರರು ಒಡೆಯರಾದರು. ಅವರ ಮಕ್ಕಳು ಶಾಲೆ ಕಾಲೇಜು ಹತ್ತಿದರು. ಉಜಿರೆಯಲ್ಲಿ 1966ರಿಂದಲೇ ಎಸ್‌ಡಿಎಂ ಕಾಲೇಜಿತ್ತು. ಓದಿದವರಿಗೆ ಊರಲ್ಲಿ ಕೆಲಸ ಮಾತ್ರ ಇರಲಿಲ್ಲ. ಬಸ್ಸು ಹತ್ತಿ ಮುಂಬಯಿಗೋ, ಮುಂದೆ ಗಲ್ಫಿಗೋ ಹೋಗಬೇಕು. ಹೋಗಲಾರದ ಬಂಟ್ವಾಳ, ಬೆಳ್ತಂಗಡಿಯ ಸಾವಿರಾರು ಹೆಂಗಸರಿಗೆ ಬೀಡಿ ಎಲೆಯೇ ಗತಿ. ಆ ಕೆಲಸ ಮನೆ ಬಾಗಿಲಿಗೆ ಬಂತು, ಅವರು ಮಾಡಿದರು. ನಿನಗೇನು ಇಷ್ಟ ಎಂದು ಅವರನ್ನು ಕೇಳಿದವರು ಕಡಿಮೆ.

ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರಲ್ಲಿ ಕೆಲಸ ಕೇಳಿಕೊಂಡು ಬರುತ್ತಿದ್ದ ಯುವಕರು ಅನೇಕ. ಅಷ್ಟು ಜನರಿಗೆ ಕೊಡಲು ಕೆಲಸವೆಲ್ಲಿದೆ? ಈ ಯೋಚನೆಯಿಂದ, ಕ್ಷೇತ್ರದ ಟ್ರಸ್ಟಿನ ಜೊತೆ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಸೇರಿ, 1982ರಲ್ಲಿ ರುಡ್‌ಸೆಟ್ ಹುಟ್ಟಿತು. ಮಂಗಳೂರಿನಲ್ಲಿ 1906ರಲ್ಲಿ, ಉಡುಪಿಯಲ್ಲಿ 1925ರಲ್ಲಿ ಆರಂಭವಾದ ಈ ಎರಡೂ ಬ್ಯಾಂಕುಗಳು ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ಮಕ್ಕಳು. ಉಚಿತ ಊಟ, ವಸತಿ, ಕೆಲವೇ ವಾರಗಳ ತರಬೇತಿ. ಕಸುಬಿನ ಜೊತೆಗೆ ಮನಸ್ಸಿನ ತಯಾರಿಯನ್ನೂ ಸಮಾನವಾಗಿ ಕಂಡದ್ದು ಈ ಸಂಸ್ಥೆಯ ದೊಡ್ಡತನ ಎಂದು ನನ್ನ ನಂಬಿಕೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎಡಗೈಯಿಂದ ಮರದ ತುಂಡುಗಳನ್ನು ಪೇರಿಸುವ ಗೋಪುರದ ಆಟ, ಕಾಗದದ ದೋಣಿ ಮಾಡಿ ಮಾರುವ ಆಟ, ಎಲ್ಲವೂ ಆ ತಯಾರಿಗೇ.

ಈಗ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದೊಡನೆ ಮಕ್ಕಳ ಮೊಬೈಲಿನಲ್ಲಿ ಬೇರೊಂದು ಪರೀಕ್ಷೆ ತೆರೆದುಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮಂಡಿಸಿದ ವಾದದಿಂದ ಬೆಳೆದು ಬಂದ, ಸ್ವಭಾವದ ಆರು ಬಗೆಗಳು, ಮೈಯರ್ಸ್-ಬ್ರಿಗ್ಸ್ ತಾಯಿ-ಮಗಳ ಹದಿನಾರು ಬಗೆಗಳು. ಇಷ್ಟು ಪ್ರಶ್ನೆಗೆ ಉತ್ತರಿಸಿದರೆ ನೀನು ಇಂಥವಳು, ನಿನಗೆ ಇಂಥ ಕೆಲಸ ಎಂಬ ತೀರ್ಪು. ಮೂಡುಬಿದಿರೆಯ ಆಳ್ವಾಸ್ ಉದ್ಯೋಗ ಮೇಳದಂಥ ಕಡೆ ಸಾವಿರಾರು ಮಂದಿ ಸಾಲುಗಟ್ಟುವಾಗ ತನ್ನ ಆಸಕ್ತಿ ಯಾವುದೆಂದು ತಿಳಿದಿರುವುದು ಒಳ್ಳೆಯದೇ. ಹಾಲೆಂಡರ ಕೆಲಸವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಮಾತು ಕಡಿಮೆಯ ಹದಿನಾರರ ಹುಡುಗಿಗೆ ವ್ಯಾಪಾರ ನಿನಗಲ್ಲ ಎಂದು ಒಂದು ಹಾಳೆ ಹೇಳಿಬಿಟ್ಟರೆ, ಅವಳು ಅದನ್ನು ನಂಬಿಬಿಡುತ್ತಾಳೆ. ಇದು ನನ್ನನ್ನು ಕಾಡುತ್ತದೆ. ಉಜಿರೆಯ ಆಟ ಅವಳ ಇಂದಿನ ಸ್ವಭಾವವನ್ನು ತೋರಿಸಿ, ಮತ್ತೊಮ್ಮೆ ಎಸೆ ಎನ್ನುತ್ತದೆ.

2009ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯಲ್ಲಿ ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ (ಆರ್‌ಸೆಟಿ) ತೆರೆಯಲು ಹೊರಟಿತು. ಬ್ಯಾಂಕುಗಳೇ ನಡೆಸುವ ಈ ಸಂಸ್ಥೆಗಳು ಈಗ ದೇಶದ ಬಹುತೇಕ ಜಿಲ್ಲೆಗಳಲ್ಲಿವೆ. ಕಲಿತವರನ್ನು ಮನೆಗೆ ಕಳಿಸಿ ಕೈತೊಳೆದುಕೊಳ್ಳುವ ಪದ್ಧತಿ ಈ ಮಾದರಿಯಲ್ಲಿಲ್ಲ. ಸಾಲ ಸಿಕ್ಕಿತೇ, ಅಂಗಡಿ ತೆರೆದರೇ, ಗಿರಾಕಿ ಬಂದರೇ ಎಂದು ತರಬೇತಿಯ ನಂತರವೂ ಎರಡು ವರ್ಷ ವಿಚಾರಿಸುತ್ತಾರೆ. ಎಡವಿದವರಿಗೆ ಆ ಎರಡು ವರ್ಷಗಳಲ್ಲಿ ಸಲಹೆ ಕೇಳಲು ಒಂದು ಜಾಗವಿರುತ್ತದೆ.