ವಿಕರ್ಣ ಉಳಿದ, ಯುಯುತ್ಸು ಹೊರಟ

ಧರ್ಮಸಂಕಟಕ್ಕೆ ಸಿಕ್ಕಿದ ಯೋಧ ಯಾರು ಎಂದು ನಮ್ಮ ಕಡೆ ಯಾರನ್ನೇ ಕೇಳಿ, ಕರ್ಣ ಅನ್ನುತ್ತಾರೆ. ತಪ್ಪಲ್ಲ. 941ರಲ್ಲಿ ಅರ್ಜುನನನ್ನು ನಾಯಕನನ್ನಾಗಿಸಿ ಕಾವ್ಯ ಕಟ್ಟಿದ ಪಂಪನೇ ಕರ್ಣನೆದುರು ಕರಗಿಹೋದ. ತಾಳಮದ್ದಳೆಯಲ್ಲಿ ಕರ್ಣನ ಅರ್ಥ ಕೇಳಿ ಕಣ್ಣೊರೆಸಿಕೊಳ್ಳುವವರ ಸಾಲಿನಲ್ಲಿ ನಾನೂ ಇದ್ದೇನೆ. ಆದರೆ ವಯಸ್ಸಾದಂತೆ ನನ್ನನ್ನು ಹೆಚ್ಚು ಕಾಡುತ್ತಿರುವವರು ಬೇರೆ ಇಬ್ಬರು. ಇಬ್ಬರೂ ಧೃತರಾಷ್ಟ್ರನ ಮಕ್ಕಳೇ. ಕರ್ಣನಿಗೆ ಋಣವಿತ್ತು, ಅವಮಾನವಿತ್ತು, ಹುಟ್ಟಿನ ಗುಟ್ಟಿತ್ತು. ಕಥೆಯೇ ಅವನ ಪರ ವಕಾಲತ್ತು ವಹಿಸುತ್ತದೆ. ಇವರಿಗೆ ಅಂಥದ್ದೇನಿಲ್ಲ. ತಮ್ಮ ಮನೆಯಲ್ಲಿ ನಡೆಯುತ್ತಿರುವುದು ಅನ್ಯಾಯ ಎಂದು ಗೊತ್ತಿತ್ತು, ಅಷ್ಟೇ.

ಮೊದಲನೆಯವನು ವಿಕರ್ಣ. ಜೂಜಿನ ಸಭೆಯಲ್ಲಿ, ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕೆಲ್ಲಿಂದ ಬಂತು ಎಂದು ದ್ರೌಪದಿ ಕೇಳಿದಾಗ ಭೀಷ್ಮ, ಧರ್ಮ ಬಹಳ ಸೂಕ್ಷ್ಮ ಎಂದು ಜಾರಿಕೊಂಡ. ಮಿಕ್ಕ ಹಿರಿಯರು ತುಟಿ ಬಿಚ್ಚಲಿಲ್ಲ. ಆಗ ಎದ್ದವನು ಈ ಹುಡುಗ. ಅವನು ಗೋಗರೆಯಲಿಲ್ಲ, ವಾದ ಹೂಡಿದ. ಬೇಟೆ, ಕುಡಿತ, ಜೂಜು, ಹೆಣ್ಣಿನ ಚಟ, ಈ ನಾಲ್ಕರಲ್ಲಿ ಮುಳುಗಿದ ರಾಜ ಮಾಡಿದ್ದಕ್ಕೆ ಬೆಲೆಯಿಲ್ಲ. ಆಕೆ ಐವರ ಹೆಂಡತಿ, ಧರ್ಮರಾಯನೊಬ್ಬನೇ ಹೇಗೆ ಒಡ್ಡಿದ? ಒಡ್ಡುವ ಹೊತ್ತಿಗೆ ಅವನು ತನ್ನನ್ನೇ ಸೋತಾಗಿತ್ತು. ಅಲ್ಲದೆ ಅವಳ ಹೆಸರೆತ್ತಿದವನು ಶಕುನಿ. ಹಾಗಾಗಿ ಆಕೆಯನ್ನು ಯಾರೂ ಗೆದ್ದಿಲ್ಲ. ಸಭೆ ಭೇಷ್ ಎಂದಿತು. ಅವನ ಬಾಯಿ ಮುಚ್ಚಿಸಿದ್ದು ಯಾರು ಗೊತ್ತೇ? ನಾವು ಕಣ್ಣೀರಿಡುವ ಅದೇ ಕರ್ಣ. ನೀನಿನ್ನೂ ಎಳಸು ಎಂದು ಗದರಿ, ದ್ರೌಪದಿಯ ವಸ್ತ್ರ ಕಳಚುವಂತೆ ದುಶ್ಶಾಸನನಿಗೆ ಹೇಳಿದವನೂ ಅವನೇ.

ಇಷ್ಟೆಲ್ಲ ಆಡಿದ ವಿಕರ್ಣ ಯುದ್ಧ ಬಂದಾಗ ಅಣ್ಣನ ಪಕ್ಷದಲ್ಲೇ ನಿಂತ. ಹದಿನಾಲ್ಕನೆಯ ದಿನ, ಜಯದ್ರಥನ ವಧೆಯ ಪಣವನ್ನು ಅರ್ಜುನ ತೀರಿಸಿದ ದಿನ, ಭೀಮನ ಕೈಯಲ್ಲಿ ಕರ್ಣ ಹಣ್ಣಾಗುತ್ತಿದ್ದ. ಅವನನ್ನು ಕಾಪಾಡಿ ಎಂದು ದುರ್ಯೋಧನ ತಮ್ಮಂದಿರನ್ನು ಅಟ್ಟಿದ. ಅವರಲ್ಲಿ ವಿಕರ್ಣನೂ ಇದ್ದ. ಅಂದು ಬಾಯಿ ಮುಚ್ಚಿಸಿದವನನ್ನು ಉಳಿಸಲು ಹೋಗಿ ಸತ್ತ. ಕೌರವರನ್ನು ಕೊಂದು ಅಬ್ಬರಿಸುವ ಭೀಮ ಇವನಿಗಾಗಿ ಮಾತ್ರ ಮರುಗಿದ: ನೂರು ಜನರನ್ನೂ ಕೊಲ್ಲುವೆನೆಂದು ಆಣೆಯಿಟ್ಟಿದ್ದೆ, ಅದಕ್ಕೇ ನೀನೂ ಹೋದೆ.

ಇನ್ನೊಬ್ಬ ಯುಯುತ್ಸು, ವೈಶ್ಯ ಹೆಣ್ಣಿನ ಮಗ. ಹುಡುಗನಾಗಿದ್ದಾಗಲೇ ಭೀಮನ ಊಟದಲ್ಲಿ ವಿಷ ಬೆರೆಸಿದ್ದನ್ನು ಪಾಂಡವರಿಗೆ ತಿಳಿಸಿದ್ದವನು. ಕುರುಕ್ಷೇತ್ರದಲ್ಲಿ ಯುದ್ಧಕ್ಕೆ ಮುನ್ನ ಧರ್ಮರಾಯ ನಡುಗಳದಲ್ಲಿ ನಿಂತು, ನಮ್ಮ ಕಡೆ ಬರುವವರಿದ್ದರೆ ಬನ್ನಿ ಎಂದು ಕೂಗಿದ. ಅಷ್ಟೂ ಜನರಲ್ಲಿ ಇವನೊಬ್ಬ ಹೊರಟ. ಕದ್ದು ಹೋಗಲಿಲ್ಲ, ನಗಾರಿ ಬಾರಿಸಿಕೊಂಡೇ ಹೋದ.

ದಾಸಿಯ ಮಗನಂತೆ ಅಂಚಿನಲ್ಲಿ ಬೆಳೆದವನಿಗೆ ಮನೆ ಬಿಡುವುದು ಸುಲಭವಿತ್ತೇ? ಇದ್ದಿರಬಹುದು. ಆದರೆ ಈ ಲೆಕ್ಕ ಎಲ್ಲ ಕಡೆ ನಿಲ್ಲುವುದಿಲ್ಲ. ರಾಮಾಯಣದಲ್ಲಿ ರಾವಣನ ಒಡಹುಟ್ಟಿದ ವಿಭೀಷಣನೇ ಹೊರಟುಹೋದ. ಕುಂಭಕರ್ಣ ಅಣ್ಣನಿಗೆ ಚೆನ್ನಾಗಿ ಬೈದು ಯುದ್ಧಕ್ಕೆ ನಡೆದ.

ಭೀಷ್ಮನಂತೂ ಕೌರವರ ಅನ್ನದ ಹಂಗಿನಲ್ಲಿದ್ದೇನೆಂದು ಧರ್ಮರಾಯನಿಗೆ ಒಪ್ಪಿಸಿಬಿಟ್ಟ. ಅಷ್ಟು ದೊಡ್ಡವನು ದಾಟಲಾಗದ ಗೆರೆಯನ್ನು ಯುಯುತ್ಸು ದಾಟಿದ. ಅದಕ್ಕೆ ತೆತ್ತ ಬೆಲೆಯೇನು? ಧರ್ಮವೀರ ಭಾರತಿ ಹಿಂದಿಯಲ್ಲಿ ಬರೆದ 'ಅಂಧಾ ಯುಗ್' ನಾಟಕ ಇದನ್ನೇ ಹಿಡಿಯುತ್ತದೆ. ದೇಶವಿಭಜನೆಯ ಗಾಯ ಹಸಿಯಿದ್ದಾಗ ಬಂದ ನಾಟಕ ಅದು. 1963ರಲ್ಲಿ ಇಬ್ರಾಹಿಂ ಅಲ್ಕಾಜಿ ದೆಹಲಿಯ ಫಿರೋಜ್‌ಷಾ ಕೋಟ್ಲಾದ ಹಾಳು ಕೋಟೆಯಲ್ಲಿ ಆಡಿಸಿದರು. ನಾಟಕದಲ್ಲಿ ಗಾಂಧಾರಿಯ ತಿರಸ್ಕಾರ, ಊರಿನ ದ್ವೇಷ ತಾಳಲಾರದೆ ಯುಯುತ್ಸು ತನ್ನನ್ನೇ ಇರಿದುಕೊಳ್ಳುತ್ತಾನೆ.

ವ್ಯಾಸಭಾರತದಲ್ಲಿ ಹಾಗಿಲ್ಲ. ಧೃತರಾಷ್ಟ್ರನ ಮಕ್ಕಳಲ್ಲಿ ಬದುಕುಳಿದವನು ಅವನೊಬ್ಬನೇ. ಗಂಡಂದಿರನ್ನು ಕಳೆದುಕೊಂಡ ಕೌರವ ಸ್ತ್ರೀಯರನ್ನು ಹಸ್ತಿನಾವತಿಗೆ ಕರೆತಂದವನು ಅವನು. ಕೊನೆಗೆ ಪಾಂಡವರು ಮಹಾಪ್ರಸ್ಥಾನಕ್ಕೆ ಹೊರಟಾಗ ಪರೀಕ್ಷಿತನ ರಾಜ್ಯದ ಹೊಣೆ ಅವನ ಹೆಗಲೇರಿತು. ನನಗೇನೋ ಭಾರತಿಗಿಂತ ವ್ಯಾಸನೇ ಹೆಚ್ಚು ನಿಷ್ಠುರಿ ಅನಿಸುತ್ತದೆ. ವಿಕರ್ಣನಿಗೆ ಅಳಲು ಭೀಮನನ್ನಾದರೂ ಕೊಟ್ಟ. ಇವನನ್ನು ಸಾಯಲೂ ಬಿಡದೆ, ನಗಾರಿ ಬಾರಿಸಿ ಬಿಟ್ಟುಬಂದ ಅದೇ ಮನೆಯನ್ನು ಕಾಯಲು ಕೂರಿಸಿದ.