ಟೊಳ್ಳು ಮೂಳೆಯ ವಿಚಾರ

ಮೂಳೆಯೆಂದರೆ ಕಲ್ಲಿನಂತೆ, ಒಮ್ಮೆ ಬೆಳೆದು ನಿಂತರೆ ಸಾಯುವವರೆಗೂ ಹಾಗೆಯೇ ಇರತಕ್ಕ ವಸ್ತುವೆಂದು ನಮ್ಮಲ್ಲಿ ಬಹುಮಂದಿ ಭಾವಿಸಿರುವರು. ವಾಸ್ತವವಾಗಿ ಅದು ರಕ್ತಮಾಂಸಗಳಷ್ಟೇ ಸಜೀವವಾದುದು. ಅದರೊಳಗೆ ಎರಡು ಬಗೆಯ ಜೀವಕೋಶಗಳು ಹಗಲಿರುಳೂ ದುಡಿಯುತ್ತಿರುತ್ತವೆ. ಒಂದು ಬಗೆಯವು ಹಳೆಯ ಮೂಳೆಯನ್ನು ಕರಗಿಸಿ ತೆಗೆಯುತ್ತವೆ. ಇನ್ನೊಂದು ಬಗೆಯವು ಆ ಕುಳಿಯಲ್ಲಿ ಹೊಸ ಮೂಳೆಯನ್ನು ಕಟ್ಟುತ್ತವೆ. ಮಣ್ಣಿನ ಗೋಡೆಯನ್ನು ಅಲ್ಲಲ್ಲಿ ಕೆರೆದು ಮತ್ತೆ ಮೆತ್ತುವಂತೆ ಈ ಕೆಲಸ. ವಯಸ್ಕರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಹತ್ತರಲ್ಲೊಂದು ಪಾಲು ಹೀಗೆ ಹೊಸದಾಗುವುದೆಂದು ತಜ್ಞರ ಲೆಕ್ಕ.

ಕೆರೆಯುವ ಕೆಲಸ ಮುಂದಾಗಿ ಮೆತ್ತುವ ಕೆಲಸ ಹಿಂದೆ ಬಿದ್ದರೆ ಏನಾದೀತು? ಗೋಡೆ ಹೊರಗಿನಿಂದ ಗೋಡೆಯಾಗಿಯೇ ಕಾಣುವುದು. ಒಳಗೆ ಮಾತ್ರ ಟೊಳ್ಳಾಗುತ್ತ ಹೋಗುವುದು. ಈ ಸ್ಥಿತಿಗೆ ಆಸ್ಟಿಯೋಪೊರೋಸಿಸ್ ಎಂದು ಹೆಸರು. ಗ್ರೀಕ್ ಭಾಷೆಯ ಮೂಳೆ ಮತ್ತು ರಂಧ್ರ ಎಂಬರ್ಥದ ಎರಡು ಮಾತುಗಳು ಸೇರಿ ಈ ಪದವಾಗಿದೆ. ಕನ್ನಡದಲ್ಲಿ ಇದನ್ನು ‘ಮೂಳೆ ಸವೆತ’ ಎನ್ನುವುದುಂಟು. ಆ ಹೆಸರು ನನಗೆ ಹಿಡಿಸದು. ಮಂಡಿನೋವಿನವರಿಗೂ ವೈದ್ಯರು “ಮೂಳೆ ಸವೆದಿದೆ” ಎಂದೇ ಹೇಳುವರು. ಅಲ್ಲಿ ಸವೆದಿರುವುದು ಕೀಲಿನ ಮೃದ್ವಸ್ಥಿ; ಅದು ನೋಯುತ್ತದೆ. ಇಲ್ಲಿ ಟೊಳ್ಳಾಗುವುದು ಮೂಳೆ. ಅದು ಮುರಿಯುವ ದಿನದವರೆಗೆ ನೋಯುವುದೇ ಇಲ್ಲ. ಎರಡಕ್ಕೂ ಒಂದೇ ಹೆಸರಿಟ್ಟುದರಿಂದ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಗೊಂದಲವಾಗಿದೆ. ಆದ್ದರಿಂದ ಈ ಲೇಖನದಲ್ಲಿ ಟೊಳ್ಳು ಮೂಳೆಯೆಂದೇ ಕರೆಯುತ್ತೇನೆ.

ಕಲಾ ವಿಭಾಗದ ವಿದ್ಯಾರ್ಥಿನಿಗೆ ವೈದ್ಯಶಾಸ್ತ್ರದ ಉಸಾಬರಿ ಏಕೆಂದು ಅಧ್ಯಾಪಕರು ಕೇಳಬಹುದು. ನಮ್ಮ ಮನೆಯಲ್ಲಿ ಆಸ್ಪತ್ರೆಯ ಚೀಟಿಯನ್ನು ಓದಬಲ್ಲವಳು ನಾನೊಬ್ಬಳೇ. ನಮ್ಮ ತಾಯಿ ಐವತ್ತೊಂದನೆಯ ವಯಸ್ಸಿನಲ್ಲಿ, ನೀರಿನ ಬಿಂದಿಗೆ ಹೊತ್ತು ಅಂಗಳದಲ್ಲಿ ಕಾಲು ಜಾರಿ, ಕೈಯೂರಿ ಬಿದ್ದರು. ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ಆರು ವಾರ ಪ್ಲಾಸ್ಟರ್ ಹಾಕಿದರು, ನೋವಿನ ಮಾತ್ರೆ ಕೊಟ್ಟರು. ಕೈ ಸರಿಯಾಯಿತು. ಚೀಟಿಯನ್ನು ತಿರುಗಿಸಿ ಮುರುಗಿಸಿ ಓದಿದೆ. ಅಷ್ಟು ಸಣ್ಣ ಬೀಳುವಿಕೆಗೆ ಮೂಳೆ ಏಕೆ ಮುರಿಯಿತೆಂಬ ಪ್ರಶ್ನೆ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಒಂದು ವರ್ಷ ಕಳೆದ ಮೇಲೆ, ರಾಗಿಯ ಮೂಟೆಯನ್ನು ಎತ್ತಲು ಬಗ್ಗಿದಾಗ ಬೆನ್ನಿನಲ್ಲಿ ಸಿಡಿಲು ಹೊಡೆದಂತಾಯಿತೆಂದು ಕುಳಿತುಬಿಟ್ಟರು. ಬೆನ್ನುಮೂಳೆಯ ಮಣಿಯೊಂದು ಕುಸಿದಿತ್ತು. ಟೊಳ್ಳು ಮೂಳೆಯ ಮಾತನ್ನು ನಾವು ಮೊದಲು ಕೇಳಿದುದು ಆಗ, ಬೇರೊಬ್ಬ ವೈದ್ಯರಿಂದ.

ಆ ವೈದ್ಯರು ಕೇಳಿದ ಮೊದಲ ಪ್ರಶ್ನೆ ಬೆನ್ನಿನ ವಿಚಾರವಾಗಿರಲಿಲ್ಲ. ಮುಟ್ಟು ಎಂದು ನಿಂತಿತು ಎಂದು ಕೇಳಿದರು. ತಾಯಿಗೆ ಮೂವತ್ತೆಂಟಕ್ಕೇ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಹಾಕಿದ್ದರು. ಇದರ ಮರ್ಮ ಹೀಗಿದೆ. ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೋಜನ್ ಎಂಬ ರಸವು ಮೂಳೆ ಕರಗಿಸುವ ಕೋಶಗಳಿಗೆ ಕಡಿವಾಣದಂತಿರುತ್ತದೆ. ಮುಟ್ಟು ನಿಂತೊಡನೆ ಕಡಿವಾಣ ಸಡಿಲುವುದು. ಮುಂದಿನ ಕೆಲವು ವರ್ಷ ಮೂಳೆ ಬಹು ಬೇಗ ಕರಗುವುದು. ಈ ಸಂಬಂಧವನ್ನು ಅಮೆರಿಕದ ಬಾಸ್ಟನ್ ನಗರದ ವೈದ್ಯ ಫುಲರ್ ಆಲ್‌ಬ್ರೈಟ್ 1941ರಲ್ಲಿಯೇ ವಿಶದಪಡಿಸಿದ್ದನು. ಅಂಡಾಶಯವನ್ನು ಚಿಕ್ಕ ವಯಸ್ಸಿನಲ್ಲಿಯೇ ತೆಗೆದರೆ ಈ ಕರಗುವಿಕೆ ಹತ್ತಾರು ವರ್ಷ ಮೊದಲೇ ಆರಂಭವಾಗುವುದು. “ಮಕ್ಕಳಾದ ಮೇಲೆ ಅದರಿಂದೇನು ಪ್ರಯೋಜನ?” ಎಂದು ನಮ್ಮ ಹೆಂಗಸರಿಗೆ ಹೇಳುವವರು ಮೂಳೆಯ ಈ ಲೆಕ್ಕವನ್ನು ಹೇಳುವುದಿಲ್ಲ.

ಗಂಡಸರಿಗೆ ಈ ಬೇನೆ ಬಾರದೆಂದಲ್ಲ, ತಡವಾಗಿ ಬರುವುದು. ಬೀಡಿ, ಹೆಂಡ, ಬಹುಕಾಲ ನುಂಗಿದ ಸ್ಟೀರಾಯ್ಡ್ ಮಾತ್ರೆ, ಥೈರಾಯ್ಡ್ ಗ್ರಂಥಿಯ ಅತಿಯಾದ ಚಟುವಟಿಕೆ, ಹಾಸಿಗೆ ಹಿಡಿದು ಮಲಗುವುದು, ಇವೆಲ್ಲವೂ ಮೂಳೆಗೆ ಶತ್ರುಗಳೇ. ಮೂಳೆಗೆ ಭಾರ ಬೇಕು. ಭಾರವಿಲ್ಲದ ಆಕಾಶದಲ್ಲಿ ತಿಂಗಳುಗಟ್ಟಲೆ ತೇಲುವ ಗಗನಯಾತ್ರಿಗಳ ಸೊಂಟದ ಮೂಳೆ, ತಡೆಯುವ ವ್ಯಾಯಾಮ ಸಾಲದಿದ್ದರೆ, ತಿಂಗಳಿಗೆ ನೂರಕ್ಕೆ ಒಂದಕ್ಕಿಂತ ಹೆಚ್ಚು ಪಾಲು ಕರಗುವುದಂತೆ!

ರೋಗವನ್ನು ಅಳೆಯುವ ಯಂತ್ರಕ್ಕೆ ಡೆಕ್ಸಾ ಎನ್ನುವರು. ಎರಡು ಬಗೆಯ ಮಂದ ಎಕ್ಸ್‌ರೇ ಕಿರಣಗಳನ್ನು ಸೊಂಟ ಮತ್ತು ಬೆನ್ನಿನ ಮೇಲೆ ಹಾಯಿಸಿ ಮೂಳೆಯ ಸಾಂದ್ರತೆಯನ್ನು ಕಂಡುಕೊಳ್ಳುವರು. ಕೆಲವೇ ನಿಮಿಷಗಳ ಕೆಲಸ. ಫಲವನ್ನು ಟಿ-ಅಂಕವೆಂಬ ಸಂಖ್ಯೆಯಲ್ಲಿ ಕೊಡುವರು. ಅರ್ಥಶಾಸ್ತ್ರದ ಮಿತ್ರರು ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಬೇಸರದಿಂದ ಕೇಳಿದ ಮಾನಕ ವಿಚಲನೆ ಇಲ್ಲಿ ಉಪಯೋಗಕ್ಕೆ ಬಂದಿದೆ. ಆರೋಗ್ಯವಂತ ಯುವತಿಯರ ಸರಾಸರಿಗಿಂತ ಎಷ್ಟು ಮಾನಕ ವಿಚಲನೆ ಕೆಳಗಿದೆ ಎಂಬುದೇ ಆ ಅಂಕ. ಅದು ಋಣ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಟೊಳ್ಳು ಮೂಳೆಯೆಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೊತ್ತುಮಾಡಿತು. ಈ ಯಂತ್ರ ದೊಡ್ಡ ಊರುಗಳಲ್ಲಿಯೇ ಇರುವುದರಿಂದ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನಿಂತ ಎತ್ತರದಿಂದ ಬಿದ್ದು, ಅಥವಾ ಬೀಳದೆಯೇ, ತೊಡೆಮೂಳೆಯ ಕತ್ತು ಅಥವಾ ಬೆನ್ನಿನ ಮಣಿ ಮುರಿದಿದ್ದರೆ, ಯಂತ್ರದ ಅಂಕಕ್ಕೆ ಕಾಯದೆ ಅದನ್ನು ಈ ರೋಗವೆಂದೇ ವೈದ್ಯರು ಪರಿಗಣಿಸಬಹುದು. ಮಣಿಕಟ್ಟು ಮುರಿದರೆ ಪರೀಕ್ಷೆ ಮಾಡಿಸಲು ಅದೇ ಸಾಕಾದ ಕಾರಣ. ಮುರಿದ ಮೂಳೆಯನ್ನು ಕೂಡಿಸುವುದು ಬೇರೆ, ಮುರಿಯುವ ಮೂಳೆಯನ್ನು ಗಟ್ಟಿಮಾಡುವುದು ಬೇರೆ. ಮೊದಲನೆಯದನ್ನು ನಾಟಿ ವೈದ್ಯರ ಕಟ್ಟಿನಿಂದ ಹಿಡಿದು ದೊಡ್ಡ ಆಸ್ಪತ್ರೆಯವರೆಗೆ ಎಲ್ಲರೂ ಮಾಡುವರು. ಎರಡನೆಯದು ಮರೆತುಹೋಗುವುದು ನಮ್ಮಲ್ಲಿ ಮಾತ್ರವಲ್ಲ, ಶ್ರೀಮಂತ ದೇಶಗಳಲ್ಲಿಯೂ ಸಾಮಾನ್ಯವಂತೆ.

ಇನ್ನು ಚಿಕಿತ್ಸೆ. ಮೊದಲು ಊಟ. ನಮ್ಮ ದೇಶದ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಸೂಚಿಸಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ; ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ರಾಗಿಯಲ್ಲಿರುವುದೆಲ್ಲ ಮೈಗೆ ಹತ್ತುವುದಿಲ್ಲ, ನಿಜ. ಕಾಳನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಸ್ವಲ್ಪ ಹೆಚ್ಚು ಹತ್ತುವುದು. ಸೊಸೈಟಿ ಅಕ್ಕಿ ಬಂದು ಮುದ್ದೆ ಹಿಂದೆ ಸರಿದ ಮನೆಗಳವರು ಈ ಲೆಕ್ಕವನ್ನು ನೋಡಬೇಕು. ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಲು ಡಿ ಜೀವಸತ್ವ ಬೇಕು. ಅದನ್ನು ನಮ್ಮ ಚರ್ಮವೇ ಬಿಸಿಲಿನಲ್ಲಿ ತಯಾರಿಸಿಕೊಳ್ಳುವುದು.

ಆದರೆ ಈಗಾಗಲೇ ಮುರಿದವರಿಗೆ ಊಟ, ಕ್ಯಾಲ್ಸಿಯಂ ಮಾತ್ರೆಗಳೇ ಸಾಲವು. ಅವರಿಗೆ ಸಾಮಾನ್ಯವಾಗಿ ಮೊದಲು ಕೊಡುವ ಔಷಧಿ ಬಿಸ್‌ಫಾಸ್ಫೊನೇಟ್ ವರ್ಗದ್ದು. ಇದು ಮೂಳೆಗೆ ಅಂಟಿಕೊಂಡಿದ್ದು, ಕರಗಿಸಲು ಬಂದ ಕೋಶಗಳನ್ನು ನಿಷ್ಕ್ರಿಯಗೊಳಿಸುವುದು. ಇವುಗಳಲ್ಲಿ ಅಲೆಂಡ್ರೊನೇಟ್ ಎಂಬುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. 1996ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಬೆನ್ನಿನ ಮಣಿ ಆಗಲೇ ಕುಸಿದಿದ್ದ ಹೆಂಗಸರಲ್ಲಿ ಸೊಂಟ ಮುರಿಯುವ ಪ್ರಮಾಣವನ್ನು ಅದು ಸುಮಾರು ಅರ್ಧಕ್ಕೆ ಇಳಿಸಿತು. ವಾರಕ್ಕೊಂದು ಮಾತ್ರೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ದೊಡ್ಡ ಲೋಟ ನೀರಿನೊಡನೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗಕೂಡದು, ಬೇರೇನನ್ನೂ ಸೇವಿಸಕೂಡದು. ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ನಿಂತು ಹುಣ್ಣುಮಾಡೀತು. ಕಾಫಿಗಾಗಿ ಆ ಅರ್ಧ ಗಂಟೆ ಕಾಯುವುದೇ ನಮ್ಮ ತಾಯಿಗೆ ಬೆನ್ನುನೋವಿಗಿಂತ ಕಷ್ಟವಾಗಿದೆ. ಮಾತ್ರೆ ಒಗ್ಗದವರಿಗೆ ವರ್ಷಕ್ಕೊಮ್ಮೆ ನರದ ಮೂಲಕ ಕೊಡುವ ಜೊಲೆಡ್ರೊನಿಕ್ ಆಮ್ಲವಿದೆ.

ಬಹುಕಾಲ ನುಂಗಿದವರಲ್ಲಿ ಅಪರೂಪವಾಗಿ ದವಡೆಯ ಮೂಳೆ ಕೆಡುವುದೂ, ತೊಡೆಮೂಳೆ ಅಡ್ಡಲಾಗಿ ಸೀಳುವುದೂ ಉಂಟು. ಅದಕ್ಕಾಗಿ ಸುಮಾರು ಐದು ವರ್ಷಗಳ ನಂತರ ಮುಂದುವರಿಸಬೇಕೇ, ಬಿಡುವು ಕೊಡಬೇಕೇ ಎಂದು ವೈದ್ಯರು ಮತ್ತೆ ವಿಚಾರಿಸುವರು. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಈ ಮಾತ್ರೆಯ ವಿಷಯ ತಿಳಿಸಬೇಕು. ಇವುಗಳ ಭಯಕ್ಕೆ ಔಷಧಿಯನ್ನೇ ಬಿಡುವುದು ಲೆಕ್ಕದಲ್ಲಿ ನಷ್ಟ; ಏಕೆಂದರೆ ತಪ್ಪುವ ಮುರಿತಗಳ ಸಂಖ್ಯೆ ಈ ಅಪರೂಪದ ತೊಂದರೆಗಳಿಗಿಂತ ಬಹಳ ಹೆಚ್ಚು. ಆರು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚುವ ಡೆನೊಸುಮ್ಯಾಬ್‌ನ ವಿಚಾರ ಬೇರೆ: ಅದನ್ನು ತಾನಾಗಿ ನಿಲ್ಲಿಸಿದರೆ ಗಳಿಸಿದ ಮೂಳೆ ಬೇಗನೆ ಕರಗಿ, ಬೆನ್ನಿನ ಹಲವು ಮಣಿಗಳು ಒಟ್ಟಿಗೆ ಕುಸಿಯುವ ಅಪಾಯವಿದೆ. ಹೊಸ ಮೂಳೆಯನ್ನೇ ಕಟ್ಟಿಸುವ ಟೆರಿಪ್ಯಾರಟೈಡ್ 2002ರಲ್ಲಿ ಬಂದಿತು. ಪ್ರತಿದಿನ ಚುಚ್ಚಿಕೊಳ್ಳಬೇಕು, ಬೆಲೆಯೂ ಹೆಚ್ಚು.

ಔಷಧಿ ನಡೆಯುತ್ತಿರುವಾಗಲೂ ಬೀಳದಂತೆ ನೋಡಿಕೊಳ್ಳಬೇಕು. ನಾವು ಬಚ್ಚಲ ಕಲ್ಲಿನ ಪಾಚಿಯನ್ನು ವಾರಕ್ಕೆರಡು ಬಾರಿ ಉಜ್ಜುತ್ತೇವೆ. ಹಿತ್ತಲಿಗೆ ಒಂದು ದೀಪ ಹಾಕಿಸಿದ್ದೇವೆ. ಬಿಂದಿಗೆಯನ್ನು ಈಗ ತಮ್ಮ ಹೊರುತ್ತಾನೆ. ತಾಯಿಯ ಎಡಗಣ್ಣಿನಲ್ಲಿ ಪೊರೆ ಬೆಳೆಯುತ್ತಿದೆಯೆಂದು ಈ ಓಡಾಟದಲ್ಲಿಯೇ ತಿಳಿಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ಉಚಿತವಾಗಿ ತೆಗೆಯುವುದರಿಂದ, ಪರೀಕ್ಷೆಗಳು ಮುಗಿದೊಡನೆ ಕರೆದೊಯ್ಯಬೇಕೆಂದಿದ್ದೇನೆ.